ಥರ್ಮಾಕೋಲ್: ಕಸದಿಂದ ಕಟ್ಟಡದವರೆಗೆ

(ಪದವಿ ಪ್ರದಾನ ಸಮಾರಂಭದಲ್ಲಿ ಹಿರಿಯ ತರಗತಿಯ ವಿದ್ಯಾರ್ಥಿನಿ ಮಾಡಿದ ಭಾಷಣದ ಪಠ್ಯ)



ಕೊನೆಯ ವರ್ಷದವರು ತಮಗಿಷ್ಟವಾದ ವಿಷಯದ ಮೇಲೆ ಕನ್ನಡದಲ್ಲಿ ಮಾತನಾಡಬೇಕು ಎಂದು ಟೀಚರ್ ಹೇಳಿದಾಗ ಹೆಚ್ಚಿನವರು ಹಬ್ಬ, ಕವಿಗಳು, ನಮ್ಮ ಊರು ಎಂದು ಆರಿಸಿಕೊಂಡರು. ನಾನು ಕಸವನ್ನು ಆರಿಸಿಕೊಂಡೆ. ಅದರಲ್ಲೂ ಒಂದೇ ಬಗೆಯ ಕಸ, ಥರ್ಮಾಕೋಲ್. ನನ್ನ ಅಜ್ಜಿ ಅದನ್ನು ‘ಬೆಂಡು’ ಎನ್ನುತ್ತಾರೆ. ಹಿಂದೆ ಮದುವೆಯ ಬಾಸಿಂಗ ಮಾಡುತ್ತಿದ್ದ ಗಿಡದ ಬೆಂಡೂ ಹೀಗೇ ಬೆಳ್ಳಗೆ, ಹಗುರವಾಗಿ ಇರುತ್ತಿತ್ತಂತೆ. ಒಂದೇ ವ್ಯತ್ಯಾಸ: ಆ ಬೆಂಡು ಮಣ್ಣಿಗೆ ಸೇರಿದರೆ ಕರಗುತ್ತದೆ, ಈ ಬೆಂಡು ಕರಗುವುದಿಲ್ಲ.

ಮೊದಲು ಥರ್ಮಾಕೋಲ್ ಎಂದರೆ ಏನೆಂದು ಹೇಳುತ್ತೇನೆ. ಅದು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ಸಕ್ಕರೆ ಹರಳಿನಷ್ಟು ಸಣ್ಣ ಗೋಲಿಗಳ ಒಳಗೆ ಪೆಂಟೇನ್ ಎಂಬ ಪದಾರ್ಥವನ್ನು ಸೇರಿಸಿರುತ್ತಾರೆ. ಅದಕ್ಕೆ ಹಬೆ ಕೊಟ್ಟರೆ ಗೋಲಿಗಳು ಅರಳಿನಂತೆ ಉಬ್ಬುತ್ತವೆ. ಉಬ್ಬಿದ ಗೋಲಿಗಳನ್ನು ಅಚ್ಚಿನಲ್ಲಿ ತುಂಬಿ ಮತ್ತೆ ಹಬೆ ಕೊಟ್ಟರೆ ಒಂದಕ್ಕೊಂದು ಅಂಟಿ ಹಲಗೆಯಾಗುತ್ತದೆ, ಪೆಟ್ಟಿಗೆಯಾಗುತ್ತದೆ. ಕೊನೆಗೆ ನಮ್ಮ ಕೈಗೆ ಬರುವ ತುಂಡಿನಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ಬರೀ ಗಾಳಿ. ಪ್ಲಾಸ್ಟಿಕ್ ಇರುವುದು ಎರಡು ಭಾಗ ಮಾತ್ರ. ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಥರ್ಮಾಕೋಲಿನ ಗುಣವೂ ಅದರ ತೊಂದರೆಯೂ ಈ ಗಾಳಿಯಿಂದಲೇ ಬಂದಿವೆ.

ನಾವು ದೇರಾದಲ್ಲಿ ಇರುವವರಿಗೆ ಥರ್ಮಾಕೋಲ್ ಹೊಸದಲ್ಲ. ಹಳೆಯ ಮೀನು ಮಾರುಕಟ್ಟೆ 2017ರಲ್ಲಿ ವಾಟರ್‌ಫ್ರಂಟ್ ಮಾರ್ಕೆಟ್‌ಗೆ ಹೋಯಿತು. ಅಲ್ಲಿಗೆ ಅಂಜಲ್, ಬಂಗುಡೆ ತರಲು ಹೋದವರೆಲ್ಲ ಐಸ್ ತುಂಬಿದ ಬಿಳಿ ಪೆಟ್ಟಿಗೆಗಳನ್ನು ನೋಡಿಯೇ ಇರುತ್ತೀರಿ. ನೈಫ್ ರಸ್ತೆಯ, ಸಬ್ಖಾದ ಅಂಗಡಿಗಳಿಗೆ ಟಿವಿ, ಮಿಕ್ಸಿ, ಫ್ರಿಜ್ ಬರುವುದೂ ಇದರದೇ ಮೂಲೆಗಳ ನಡುವೆ. ನನ್ನ ಅಪ್ಪ ಕೆಲಸ ಮಾಡುವುದು ಅಂಥದೇ ಒಂದು ಅಂಗಡಿಯಲ್ಲಿ. ಸಂಜೆಯಾಗುತ್ತಿದ್ದಂತೆ ನಮ್ಮ ಗಲ್ಲಿಗೆ ಸೈಕಲ್ಲಿನಲ್ಲಿ ರಟ್ಟು ಆಯುವವರು ಬರುತ್ತಾರೆ. ರಟ್ಟಿನ ಡಬ್ಬ ಬಿಚ್ಚಿ, ಮಡಚಿ, ತಲೆಗಿಂತ ಎತ್ತರಕ್ಕೆ ಪೇರಿಸಿ ಕಟ್ಟಿಕೊಂಡು ಹೋಗುತ್ತಾರೆ. ಒಳಗಿದ್ದ ಥರ್ಮಾಕೋಲನ್ನು ಅಲ್ಲೇ ಬಿಡುತ್ತಾರೆ. ಅದಕ್ಕೆ ಗುಜರಿಯಲ್ಲಿ ಬೆಲೆಯಿಲ್ಲ.

ಯಾಕೆ ಬೆಲೆಯಿಲ್ಲ? ಇಲ್ಲಿ ಗಾಳಿಯ ಲೆಕ್ಕ ಬರುತ್ತದೆ. ಒಂದು ಘನ ಮೀಟರ್ ಪ್ಯಾಕಿಂಗ್ ಥರ್ಮಾಕೋಲ್ ತೂಗುವುದು ಸುಮಾರು 15ರಿಂದ 20 ಕಿಲೋ. ಒಂದು ಪಿಕಪ್ ಗಾಡಿಯಲ್ಲಿ ಐದು ಘನ ಮೀಟರ್ ತುಂಬಿದರೂ ನೂರು ಕಿಲೋ ದಾಟುವುದಿಲ್ಲ. ಗಾಡಿಯ ಬಾಡಿಗೆ, ಡ್ರೈವರ್ ಸಂಬಳ, ಪೆಟ್ರೋಲ್ ಎಲ್ಲ ಕೊಟ್ಟು ಸಾಗಿಸಿದ್ದು ಹೆಚ್ಚಾಗಿ ಗಾಳಿಯನ್ನೇ. ಆದ್ದರಿಂದ ಥರ್ಮಾಕೋಲ್ ಮರುಬಳಕೆ ಆಗದ ವಸ್ತು ಎಂಬ ಮಾತು ಸರಿಯಲ್ಲ. ಮರುಬಳಕೆ ಆಗುತ್ತದೆ. ಆದರೆ ಮರುಬಳಕೆ ಮಾಡುವ ಜಾಗದವರೆಗೆ ಒಯ್ಯುವುದು ದುಬಾರಿ.

ಬಿಟ್ಟುಹೋದ ತುಂಡು ಏನಾಗುತ್ತದೆ? ಒಂದಿಷ್ಟು ಕಸದ ಗಾಡಿಗೆ ಹೋಗುತ್ತದೆ. ಗಾಳಿ ಬಂದ ದಿನ ಒಂದಿಷ್ಟು ಪುಡಿಯಾಗಿ ರಸ್ತೆಗೆ, ಅಲ್ಲಿಂದ ಖಾರಿಗೆ ಬೀಳುತ್ತದೆ. ನೀರಿನ ಮೇಲೆ ತೇಲುವ ಬಿಳಿ ಗೋಲಿಯನ್ನು ಮೀನು, ಹಕ್ಕಿಗಳು ಆಹಾರವೆಂದು ತಿಳಿಯುತ್ತವೆ. ಅದೇ ಖಾರಿಯ ತುದಿಯಲ್ಲಿ ರಾಸ್ ಅಲ್ ಖೋರ್ ಇದೆ. ಚಳಿಗಾಲದಲ್ಲಿ ಫ್ಲೆಮಿಂಗೋ ತೋರಿಸಲು ನೀವೇ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೀರಿ.

ಸರ್ಕಾರಗಳು ಸುಮ್ಮನೆ ಕುಳಿತಿಲ್ಲ. ಅಬುಧಾಬಿಯಲ್ಲಿ 2024ರ ಜೂನ್ 1ರಿಂದ, ದುಬೈನಲ್ಲಿ 2025ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಥರ್ಮಾಕೋಲ್ ಲೋಟ, ಊಟದ ಡಬ್ಬಿಗಳಿಗೆ ನಿಷೇಧ ಬಂದಿದೆ. ನಮ್ಮ ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಮತ್ತು ಥರ್ಮಾಕೋಲಿನ ತಟ್ಟೆ ಲೋಟಗಳನ್ನು ನಿಷೇಧಿಸಿದರು. ಇಡೀ ಭಾರತದಲ್ಲಿ 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲಿಗೂ ನಿಷೇಧವಿದೆ. ಆದರೆ ಇವೆಲ್ಲ ಊಟ, ಅಲಂಕಾರದ ಮಾತಾಯಿತು. ಅಬುಧಾಬಿಯ ನಿಯಮದಲ್ಲೇ ದೊಡ್ಡ ಶೇಖರಣಾ ಪೆಟ್ಟಿಗೆಗಳಿಗೂ ಕೂಲರ್‌ಗಳಿಗೂ ವಿನಾಯಿತಿ ಇದೆ. ಮೀನು ಕೆಡಬಾರದು, ಟಿವಿ ಒಡೆಯಬಾರದು ಎಂದರೆ ಸದ್ಯಕ್ಕೆ ಥರ್ಮಾಕೋಲ್ ಬೇಕು. ಹಾಗಾಗಿ ಬಂದದ್ದನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿಯುತ್ತದೆ.

ಸುಡಬಹುದೇ? ಬಯಲಿನಲ್ಲಂತೂ ಸುಡಲೇಬಾರದು. ಕಪ್ಪು ದಟ್ಟ ಹೊಗೆ ಬರುತ್ತದೆ, ಅದರಲ್ಲಿ ವಿಷಾನಿಲಗಳಿರುತ್ತವೆ. ದುಬೈನ ವರ್ಸಾನ್‌ನಲ್ಲಿ ವರ್ಷಕ್ಕೆ ಸುಮಾರು 20 ಲಕ್ಷ ಟನ್ ಕಸ ಸುಟ್ಟು ವಿದ್ಯುತ್ ತಯಾರಿಸುವ ದೊಡ್ಡ ಘಟಕವಿದೆ. ಅಲ್ಲಿ ಹೊಗೆಯನ್ನು ಶುದ್ಧ ಮಾಡುವ ವ್ಯವಸ್ಥೆಯೂ ಇದೆ. ಕಸದ ಗುಡ್ಡ ಬೆಳೆಯುವುದಕ್ಕಿಂತ ಅದು ಎಷ್ಟೋ ಮೇಲು. ಆದರೂ ಸುಟ್ಟರೆ ಒಂದು ಸಲದ ಕರೆಂಟ್ ಸಿಗುತ್ತದೆ, ಅಲ್ಲಿಗೆ ಮುಗಿಯಿತು. ಅದೇ ತುಂಡನ್ನು ಗೋಡೆಯಲ್ಲೋ ತಾರಸಿಯಲ್ಲೋ ಸೇರಿಸಿದರೆ ಕಟ್ಟಡ ಇರುವಷ್ಟು ವರ್ಷ ಕರೆಂಟ್ ಉಳಿಸುತ್ತದೆ.

ಅದು ಹೇಗೆಂದರೆ, ಕಾಂಕ್ರೀಟಿನ ಮೂಲಕ ಬಿಸಿ ಹಾದುಹೋಗುವಷ್ಟು ಸುಲಭವಾಗಿ ಥರ್ಮಾಕೋಲಿನ ಮೂಲಕ ಹೋಗುವುದಿಲ್ಲ. ಸುಮಾರು ನಲವತ್ತು ಪಟ್ಟು ಕಡಿಮೆ. ಒಳಗೆ ಸಿಕ್ಕಿಕೊಂಡ ಗಾಳಿ ಅಲ್ಲಾಡುವುದಿಲ್ಲ, ಬಿಸಿಯನ್ನೂ ಸಾಗಿಸುವುದಿಲ್ಲ. ದುಬೈನಲ್ಲಿ 2003ರಿಂದ ಹೊಸ ಕಟ್ಟಡಗಳಿಗೆ ಶಾಖ ತಡೆಯುವ ಪದರ ಕಡ್ಡಾಯ. ಹೊಸ ಕಟ್ಟಡ ಕಟ್ಟುವ ಜಾಗದಲ್ಲಿ ಪೇರಿಸಿಟ್ಟ ಸಿಮೆಂಟ್ ಬ್ಲಾಕುಗಳನ್ನು ಗಮನಿಸಿ. ಎಷ್ಟೋ ಬ್ಲಾಕುಗಳ ನಡುವೆ ಬಿಳಿಯ ಪಟ್ಟಿ ಕಾಣುತ್ತದೆ, ಸ್ಯಾಂಡ್‌ವಿಚ್ಚಿನ ನಡುವಿನ ಚೀಸಿನ ಹಾಗೆ. ಅದು ಥರ್ಮಾಕೋಲ್. ಅಂದರೆ ನಾವು ಒಂದು ಕೈಯಲ್ಲಿ ಥರ್ಮಾಕೋಲ್ ಎಸೆಯುತ್ತೇವೆ, ಇನ್ನೊಂದು ಕೈಯಲ್ಲಿ ಹೊಸದನ್ನು ಕೊಂಡು ಗೋಡೆಗೆ ಹಾಕುತ್ತೇವೆ. ಈ ಎರಡು ಕೈಗಳನ್ನು ಸೇರಿಸುವುದೇ ನನ್ನ ಭಾಷಣದ ವಿಷಯ.

ಸೇರಿಸುವ ದಾರಿಗಳು ಹಲವು ಇವೆ. ಮೊದಲನೆಯದು ಹಿಂಡುವುದು. ಥರ್ಮಾಕೋಲನ್ನು ಪುಡಿಮಾಡಿ ತಿರುಪಿನ ಯಂತ್ರದಲ್ಲಿ ಒತ್ತಿದರೆ ಗಾಳಿ ಹೊರಗೆ ಹೋಗಿ ಗಾತ್ರ ನಲವತ್ತು ಐವತ್ತು ಪಟ್ಟು ಇಳಿಯುತ್ತದೆ. ಗಟ್ಟಿ ದಿಮ್ಮಿಯಾದ ಮೇಲೆ ಸಾಗಿಸುವುದು ಸುಲಭ. ಅದನ್ನು ಕರಗಿಸಿ ಫೋಟೋ ಚೌಕಟ್ಟು, ಗೋಡೆಯ ಅಂಚಿನ ಪಟ್ಟಿ ಮಾಡುತ್ತಾರೆ. ನೋಡಲು ಮರದಂತೆಯೇ ಇರುತ್ತದೆ, ಗೆದ್ದಲು ಹಿಡಿಯುವುದಿಲ್ಲ.

ಎರಡನೆಯದು ಕರಗಿಸುವುದು. ಕಿತ್ತಳೆ ಸಿಪ್ಪೆಯನ್ನು ಬಲೂನಿನ ಮೇಲೆ ಹಿಂಡಿದರೆ ಬಲೂನ್ ಒಡೆಯುತ್ತದಲ್ಲ, ಆ ಎಣ್ಣೆಯ ಹೆಸರು ಲಿಮೊನೀನ್. ಅದು ಥರ್ಮಾಕೋಲನ್ನೂ ಕರಗಿಸುತ್ತದೆ. ಜಪಾನಿನ ಸೋನಿ ಕಂಪನಿ ಇದೇ ಗುಣವನ್ನು ಬಳಸಿ ಮರುಬಳಕೆಯ ವಿಧಾನವೊಂದನ್ನು ಕಂಡುಹಿಡಿದಿತ್ತು.

ಮೂರನೆಯದು ಇದ್ದ ಹಾಗೆಯೇ ಬಳಸುವುದು. ನಾರ್ವೆಯಲ್ಲಿ ಓಸ್ಲೋ ಹತ್ತಿರ ಮೆತ್ತನೆಯ ನೆಲದ ಮೇಲೆ ಕುಸಿಯುತ್ತಿದ್ದ ರಸ್ತೆಯೊಂದಕ್ಕೆ 1972ರಲ್ಲಿ ಮಣ್ಣಿನ ಬದಲು ಥರ್ಮಾಕೋಲ್ ದಿಮ್ಮಿಗಳನ್ನೇ ಅಡಿಯಲ್ಲಿ ತುಂಬಿದರು. ಹಗುರವಾದ್ದರಿಂದ ನೆಲಕ್ಕೆ ಭಾರ ಬೀಳಲಿಲ್ಲ. ಆಮೇಲೆ ಎಷ್ಟೋ ದೇಶಗಳು ಹೀಗೆ ರಸ್ತೆ ಮಾಡಿದವು.

ನಾಲ್ಕನೆಯದು ಸಿಮೆಂಟಿನ ಜೊತೆ ಕಲಸುವುದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಇದನ್ನು ನಾವೇ ಮಾಡಿ ನೋಡಿದ್ದೇವೆ.

ಅದಕ್ಕೂ ಮೊದಲು ನಮ್ಮ ಕರಾವಳಿಯ ಒಂದು ನಿಜವಾದ ಮನೆಯ ವಿಷಯ. ಮಂಗಳೂರಿನ ಪಚ್ಚನಾಡಿಯಲ್ಲಿ ನಗರದ ಕಸ ಸುರಿಯುವ ಜಾಗವಿದೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಜಾರಿ ಪಕ್ಕದ ಮಂದಾರ ಎಂಬಲ್ಲಿಗೆ ನುಗ್ಗಿತು. ತೆಂಗು, ಅಡಿಕೆ ತೋಟಗಳು ಕಸದಡಿ ಹೋದವು, ಜನ ಮನೆ ಬಿಡಬೇಕಾಯಿತು. ಮರುವರ್ಷ, 2020ರಲ್ಲಿ, ಅದೇ ಪಚ್ಚನಾಡಿಯಲ್ಲಿ ಪ್ಲಾಸ್ಟಿಕ್ಸ್ ಫಾರ್ ಚೇಂಜ್ ಎಂಬ ಸಂಸ್ಥೆ ಕಸ ಆಯುವ ಒಬ್ಬ ತಾಯಿಗೆ ಪ್ಲಾಸ್ಟಿಕ್ ಕಸದಿಂದಲೇ ಮನೆ ಕಟ್ಟಿಕೊಟ್ಟಿತು. ಸುಮಾರು 1,500 ಕಿಲೋ ಪ್ಲಾಸ್ಟಿಕ್, ಅರವತ್ತರಷ್ಟು ಹಲಗೆಗಳು, ಖರ್ಚು ಸುಮಾರು ನಾಲ್ಕೂವರೆ ಲಕ್ಷ ರೂಪಾಯಿ. ಅದರಲ್ಲಿ ಬಳಸಿದ್ದು ಥರ್ಮಾಕೋಲ್ ಅಲ್ಲ, ಗುಜರಿಯವರು ಮುಟ್ಟದ ಪೊಟ್ಟಣ, ಲಕೋಟೆಗಳಂಥ ಪ್ಲಾಸ್ಟಿಕ್. ಆದರೆ ಪಾಠ ಒಂದೇ: ಬೆಲೆಯಿಲ್ಲದ ಕಸಕ್ಕೆ ಕಟ್ಟಡದಲ್ಲಿ ಬೆಲೆ ಬರುತ್ತದೆ. ಇದನ್ನು ಓದಿದ ಮೇಲೆ ನನಗೆ ಕುಂದಾಪುರದ ಹತ್ತಿರ ಇರುವ ನನ್ನ ಅಜ್ಜಿಯ ಮನೆ ನೆನಪಾಯಿತು.

ನಮ್ಮಲ್ಲಿ ಅನೇಕರ ಊರಿನ ಕಥೆ ಒಂದೇ. ಗಲ್ಫಿಗೆ ಬಂದ ಮಗ ಹಳೆಯ ಹಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿಸುತ್ತಾನೆ. ಅಪ್ಪನೂ ಹಾಗೇ ಕಟ್ಟಿಸಿದರು. ಹಂಚಿನ ಮಾಡಿನಲ್ಲಿ ಬಿಸಿಗಾಳಿ ಸಂದಿಯಿಂದ ಹೊರಗೆ ಹೋಗುತ್ತಿತ್ತು. ತಾರಸಿ ಇಡೀ ಹಗಲು ಬಿಸಿಲು ಕುಡಿದು ರಾತ್ರಿ ಅದನ್ನು ಕೆಳಗೆ ಬಿಡುತ್ತದೆ. ಅಜ್ಜಿಗೆ ಬಿಪಿ ಇದೆ. ಕಳೆದ ಬೇಸಿಗೆಯಲ್ಲಿ ತಲೆಸುತ್ತು ಬಂದು ಬಿದ್ದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ತಂಪಾದ ಜಾಗದಲ್ಲಿ ಇರಿ ಎಂದರು. ಅಪ್ಪ ಎಸಿ ಹಾಕಿಸಿದರು. ಅಜ್ಜಿ ಅದನ್ನು ನಾವು ಫೋನ್ ಮಾಡಿದಾಗ ಮಾತ್ರ ಹಾಕುತ್ತಾರೆ, ಫೋನ್ ಇಟ್ಟ ಕೂಡಲೇ ಆರಿಸುತ್ತಾರೆ, ಕರೆಂಟ್ ಬಿಲ್ಲಿನ ಹೆದರಿಕೆ. ರಾತ್ರಿ ಜಗಲಿಯಲ್ಲಿ ಚಾಪೆ ಹಾಕಿಕೊಂಡು ಒಬ್ಬರೇ ಮಲಗುತ್ತಿದ್ದರು. ದೇರಾದಲ್ಲಿ ಕುಳಿತು ಅಪ್ಪ ಪ್ರತಿ ರಾತ್ರಿ ಅದನ್ನೇ ಯೋಚಿಸುತ್ತಿದ್ದರು.

ನನ್ನ ಹೈಸ್ಕೂಲಿನ ವಿಜ್ಞಾನ ಪ್ರಾಜೆಕ್ಟಿಗೆ ನಾನೂ ತಮ್ಮನೂ ಅಂಗಡಿಯಿಂದ ತಂದ ಥರ್ಮಾಕೋಲಿನಿಂದ ಪ್ರಯೋಗ ಶುರುಮಾಡಿದೆವು. ತುಂಡುಗಳನ್ನು ದೊಡ್ಡ ಚೀಲದೊಳಗೆ ಇಟ್ಟು ತಂತಿ ಜಾಲರಿಗೆ ಉಜ್ಜಿದರೆ ಗೋಲಿಗಳು ಬಿಡಿಬಿಡಿಯಾಗುತ್ತವೆ, ಹಾರುವುದಿಲ್ಲ. ಒಂದು ಲೋಟ ಸಿಮೆಂಟ್, ಎರಡು ಲೋಟ ಮರಳು, ಮೂರು ಲೋಟ ಗೋಲಿ. ಹತ್ತು ಸೆಂಟಿಮೀಟರ್ ಉದ್ದ ಅಗಲ ಎತ್ತರದ ಇಟ್ಟಿಗೆ ಮಾಡಿದರೆ ಬರೀ ಸಿಮೆಂಟ್ ಮರಳಿನದು ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು ತೂಗಿತು, ನಮ್ಮದು ಸುಮಾರು ಒಂದು ಕಿಲೋ ನೂರು ಗ್ರಾಂ. ಎರಡರಿಂದಲೂ ತೆಳ್ಳಗಿನ ಬಿಲ್ಲೆ ಮಾಡಿ ಬಾಲ್ಕನಿಯ ಬಿಸಿಲಿಗಿಟ್ಟೆವು. ಒಂದರ ಅಡಿಭಾಗ ಸುಡುತ್ತಿತ್ತು, ಗೋಲಿ ಹಾಕಿದ್ದರ ಅಡಿಭಾಗ ಬೆಚ್ಚಗಿತ್ತು ಅಷ್ಟೆ.

ಒಂದು ಸಮಸ್ಯೆ ಇತ್ತು. ಗೋಲಿಗೆ ನೀರು ಅಂಟುವುದಿಲ್ಲ. ಕಲಸಿದ ಮೇಲೆ ಸಿಮೆಂಟ್ ಕೆಳಗೆ ಇಳಿಯುತ್ತದೆ, ಗೋಲಿ ಮೇಲೆ ತೇಲುತ್ತದೆ. ಇಂಗ್ಲಿಷ್ ಲೇಖನಗಳು ಅದಕ್ಕೆ ಎಪಾಕ್ಸಿ, ಸಿಲಿಕಾ ಪುಡಿ ಎಂದು ಬೆಲೆಬಾಳುವ ಔಷಧ ಹೇಳುತ್ತವೆ. ಊರಿನಲ್ಲಿ ನಮ್ಮ ಮನೆ ಕಟ್ಟಿದ ಗಾರೆ ಮೇಸ್ತ್ರಿಯವರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿ, “ಅಲ್ಲ ಮಗಾ, ಚುರ್ಮುರಿ ಕಲ್ಸುಕ್ ಗೊತ್ತಿತ್ತಾ ನಿಂಗೆ?” ಎಂದರು. ಚುರುಮುರಿಗೆ ಮೊದಲು ಎಣ್ಣೆ, ಖಾರ ಹಚ್ಚಿ ಆಮೇಲೆ ಉಳಿದದ್ದು ಸೇರಿಸುತ್ತೇವಲ್ಲ, ಹಾಗೆ ಗೋಲಿಗೆ ಮೊದಲು ತೆಳ್ಳನೆಯ ಸಿಮೆಂಟ್ ಹಾಲು ಹಚ್ಚು, ಅದು ಮೈಗೆ ಹಿಡಿದ ಮೇಲೆ ಮರಳು ಮತ್ತು ಉಳಿದ ಸಿಮೆಂಟ್ ಹಾಕು, ನೀರು ಕಡಿಮೆ ಇರಲಿ ಎಂದರು. ಹಾಗೆ ಮಾಡಿದಾಗ ಗೋಲಿ ಎಲ್ಲ ಕಡೆ ಸಮನಾಗಿ ನಿಂತಿತು.

ಈ ಫೋನಿನ ವಿಷಯವನ್ನು ಬೇಕೆಂದೇ ಹೇಳಿದೆ. ಗಾರೆ, ತಾರಸಿ, ಇಳಿಜಾರು, ಹದ, ಕ್ಯೂರಿಂಗಿಗೆ ನೀರು ಕಟ್ಟುವುದು, ಈ ಮಾತುಗಳೆಲ್ಲ ನನಗೆ ಗೊತ್ತಿಲ್ಲದಿದ್ದರೆ ಮೇಸ್ತ್ರಿಯವರ ಜೊತೆ ಅರ್ಧ ಗಂಟೆ ಮಾತನಾಡಲು ಆಗುತ್ತಿರಲಿಲ್ಲ. ಅವರ ತಲೆಯಲ್ಲಿರುವ ಮೂವತ್ತು ವರ್ಷದ ಅನುಭವ ಯಾವ ಪುಸ್ತಕದಲ್ಲೂ ಇಲ್ಲ. ಕನ್ನಡ ಕಲಿತು ಏನು ಉಪಯೋಗ ಎಂದು ನನ್ನ ತರಗತಿಯ ಗೆಳತಿಯರು ಕೇಳಿದರೆ ನಾನು ಕೊಡುವ ಉತ್ತರ ಇದು.

ಡಿಸೆಂಬರ್ ರಜೆಯಲ್ಲಿ ಊರಿಗೆ ಹೋದಾಗ ಮೊದಲು ಇಂಜಿನಿಯರ್ ಒಬ್ಬರನ್ನು ಕರೆಸಿ ತಾರಸಿ ಎಷ್ಟು ಭಾರ ತಡೆಯುತ್ತದೆ ಎಂದು ನೋಡಿಸಿದೆವು. ಅಜ್ಜಿಯ ಕೋಣೆಯ ಮೇಲೆ ಹತ್ತು ಅಡಿಗೆ ಹತ್ತು ಅಡಿ ಜಾಗ. ಮೂರು ಇಂಚು ದಪ್ಪಕ್ಕೆ ನಮ್ಮ ಮಿಶ್ರಣ ಹಾಕಿದರೆ ಸುಮಾರು 800 ಕಿಲೋ, ಮಾಮೂಲಿ ಕಾಂಕ್ರೀಟ್ ಆದರೆ ಅದರ ಎರಡು ಪಟ್ಟು. ಅವರು ಒಪ್ಪಿದ ಮೇಲೆಯೇ ಕೆಲಸ ಶುರುವಾಯಿತು. ಪೇಟೆಯ ಅಂಗಡಿಗಳಿಂದ ಥರ್ಮಾಕೋಲ್ ಬಿಟ್ಟಿಯಾಗಿ ಸಿಕ್ಕಿತು. ಉಜ್ಜಿದ ಮೇಲೆ ಆರು ಗೋಣಿಚೀಲವಾಯಿತು, ತೂಕ ಮಾತ್ರ ಆರು ಕಿಲೋ. ಮೇಸ್ತ್ರಿಯವರು ಮಳೆನೀರು ಕೊಳವೆಯ ಕಡೆ ಹರಿಯುವಂತೆ ಇಳಿಜಾರು ಕೊಟ್ಟು ಹಾಸಿದರು, ಮೇಲೆ ಒಂದಿಂಚು ಸಿಮೆಂಟ್ ಗಾರೆ ಮಾಡಿದರು, ಏಳು ದಿನ ನೀರು ಕಟ್ಟಿದೆವು. ಕೊನೆಗೆ ಇಡೀ ತಾರಸಿಗೆ ಸುಣ್ಣ ಬಳಿದೆವು. ಸುಣ್ಣವೂ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಪಕ್ಕದ ಕೋಣೆಗೆ ಸುಣ್ಣ ಮಾತ್ರ, ಅಜ್ಜಿಯ ಕೋಣೆಗೆ ಎರಡೂ. ಹೋಲಿಸಿ ನೋಡಲು ಅನುಕೂಲವಾಯಿತು.

ಈ ಏಪ್ರಿಲ್‌ನಲ್ಲಿ ಅಜ್ಜಿ ಫೋನಿನಲ್ಲಿ ಹೇಳಿದರು, ಪಕ್ಕದ ಕೋಣೆ ಈಗಲೂ ರಾತ್ರಿ ಬಿಸಿ, ತಮ್ಮ ಕೋಣೆಯಲ್ಲಿ ಫ್ಯಾನ್ ಸಾಕು ಎಂದು. ಈಗ ಜಗಲಿ ಬಿಟ್ಟು ಮಂಚದ ಮೇಲೆ, ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಪಕ್ಕದ ಮನೆಯವರು ಬಂದು ನೋಡಿಕೊಂಡು ಹೋಗಿದ್ದಾರೆ. ಮೇಸ್ತ್ರಿಯವರಿಗೆ ಇನ್ನೆರಡು ಮನೆಯ ಕೆಲಸ ಸಿಕ್ಕಿದೆ.

ಒಳ್ಳೆಯದನ್ನು ಹೇಳಿದ ಮೇಲೆ ಮಿತಿಯನ್ನೂ ಹೇಳಬೇಕು. ಈ ಮಿಶ್ರಣಕ್ಕೆ ಗಟ್ಟಿತನ ಕಡಿಮೆ. ಕಂಬ, ತೊಲೆ, ಭಾರ ಹೊರುವ ಗೋಡೆಗೆ ಬಳಸಲೇಬಾರದು. ತಾರಸಿಯ ಮೇಲಿನ ಪದರ, ಅಡ್ಡಗೋಡೆ, ತಗ್ಗು ತುಂಬುವುದು, ಇಷ್ಟಕ್ಕೆ ಸರಿ. ಎರಡನೆಯದು ಬೆಂಕಿ. ಥರ್ಮಾಕೋಲ್ ನೂರು ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತದೆ. ಸಿಮೆಂಟಿನೊಳಗೆ ಮುಚ್ಚಿರಬೇಕು, ಗೋಡೆಯ ಒಳಗೆ ಬರಿದಾಗಿ ಅಂಟಿಸಬಾರದು. ಮೂರನೆಯದು, ಹಳೆಯ ಕಟ್ಟಡಗಳಿಂದ ಕಿತ್ತ ಶಾಖನಿರೋಧಕ ಹಲಗೆಗಳಲ್ಲಿ ಬೆಂಕಿ ತಡೆಯಲೆಂದು ಎಚ್‌ಬಿಸಿಡಿ ಎಂಬ ರಾಸಾಯನಿಕ ಇರಬಹುದು. 2013ರಲ್ಲಿ ಅದನ್ನು ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಅಪಾಯಕಾರಿ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ. ಮಕ್ಕಳು ಅಂಥ ಹಲಗೆಯನ್ನು ಮುಟ್ಟಬಾರದು, ಪ್ಯಾಕಿಂಗಿನ ಥರ್ಮಾಕೋಲ್ ಮಾತ್ರ ಬಳಸಬೇಕು. ನಾಲ್ಕನೆಯದು, ಒಂದು ಕೋಣೆಗೆ ಹಿಡಿದದ್ದು ಆರೇ ಕಿಲೋ. ಒಂದು ಮನೆಯ ತಾರಸಿಯಿಂದ ದೇರಾದ ಕಸ ಮುಗಿಯುವುದಿಲ್ಲ. ಅದಕ್ಕೆ ಯಂತ್ರ ಬೇಕು, ಅಂಗಡಿಗಳು ಒಟ್ಟಾಗಬೇಕು.

ಆದ್ದರಿಂದ ಇಲ್ಲಿರುವ ಹಿರಿಯರಲ್ಲಿ ಮೂರು ಕೋರಿಕೆ.

ಒಂದು, ಅಮ್ಮಂದಿರಿಗೆ ಮತ್ತು ಅಪ್ಪಂದಿರಿಗೆ. ಹೊಸ ಟಿವಿ, ಫ್ರಿಜ್ ಮನೆಗೆ ತರುವವರನ್ನು ಥರ್ಮಾಕೋಲ್ ವಾಪಸ್ ತೆಗೆದುಕೊಂಡು ಹೋಗಲು ಹೇಳಿ. ಅವರು ಒಪ್ಪದಿದ್ದರೆ ಒಡೆಯದೆ, ಒದ್ದೆ ಮಾಡದೆ, ಊಟದ ಕಸಕ್ಕೆ ಬೆರೆಸದೆ ಬೇರೆ ಇಡಿ. ಎಣ್ಣೆ, ಮೀನಿನ ನೀರು ಹತ್ತಿದ ಥರ್ಮಾಕೋಲ್ ಯಾವ ಕೆಲಸಕ್ಕೂ ಕಷ್ಟ.

ಎರಡು, ವ್ಯಾಪಾರ ಮತ್ತು ಕಟ್ಟಡದ ಕೆಲಸದಲ್ಲಿರುವ ಅಂಕಲ್‌ಗಳಿಗೆ. ಹಿಂಡುವ ಯಂತ್ರವನ್ನು ಒಬ್ಬ ಅಂಗಡಿಯವರು ಕೊಳ್ಳುವುದು ಕಷ್ಟ. ಒಂದು ರಸ್ತೆಯ ಹತ್ತು ಅಂಗಡಿಗಳು ಸೇರಿದರೆ ಕಷ್ಟವಲ್ಲ. ಈ ಸಭೆಯಲ್ಲೇ ಅಂಗಡಿಯವರೂ ಇದ್ದಾರೆ, ಸಿವಿಲ್ ಇಂಜಿನಿಯರುಗಳೂ ಇದ್ದಾರೆ, ಗುತ್ತಿಗೆದಾರರೂ ಇದ್ದಾರೆ. ಇವತ್ತಿನ ಊಟದ ಹೊತ್ತಿಗೆ ಒಬ್ಬರನ್ನೊಬ್ಬರು ಮಾತನಾಡಿಸಿ. ಆ ದಿನ ರಟ್ಟು ಆಯುವವರು ಥರ್ಮಾಕೋಲನ್ನೂ ಆಯುತ್ತಾರೆ, ಅವರಿಗೂ ನಾಲ್ಕು ದಿರ್ಹಮ್ ಹೆಚ್ಚು ಸಿಗುತ್ತದೆ.

ಮೂರು, ನನ್ನ ಗುರುಗಳಿಗೆ, ಸ್ವಲ್ಪ ಸಂಕೋಚದಿಂದ. ಪ್ರತಿ ನವೆಂಬರ್‌ನಲ್ಲಿ ನಾವು ರಾಜ್ಯೋತ್ಸವಕ್ಕೆ ಕರ್ನಾಟಕದ ನಕ್ಷೆ, ಭುವನೇಶ್ವರಿಯ ಮಂಟಪ, ದೊಡ್ಡ ಅಕ್ಷರಗಳು ಎಲ್ಲವನ್ನೂ ಥರ್ಮಾಕೋಲಿನಲ್ಲೇ ಕೊರೆಯುತ್ತೇವೆ. ಸಂಜೆ ಫೋಟೋ ಮುಗಿದ ಮೇಲೆ ಅದೇ ಅಕ್ಷರಗಳು ಕಸದ ಡಬ್ಬಕ್ಕೆ ಹೋಗುತ್ತವೆ. ಊರಿನಲ್ಲೇ ನಿಷೇಧವಾದ ಅಲಂಕಾರವನ್ನು ನಾವು ಇಲ್ಲಿ ಮುಂದುವರಿಸುವುದು ಬೇಡ. ಈ ಸಲ ಇವತ್ತಿನ ವೇದಿಕೆಗೆ ನಾವು ಹಿರಿಯ ತರಗತಿಯವರು ಅಂಗಡಿಯ ಹಳೆಯ ರಟ್ಟು ಮತ್ತು ಬಟ್ಟೆಯಿಂದ ಅಕ್ಷರ ಮಾಡಿದ್ದೇವೆ, ನಿಮ್ಮ ಕಣ್ಣೆದುರಿಗೇ ಇದೆ. ಮಡಚಿ ಇಟ್ಟರೆ ಮುಂದಿನ ವರ್ಷದ ಮಕ್ಕಳಿಗೂ ಬರುತ್ತದೆ. ಅಳತೆ ಬರೆದ ಹಾಳೆಯನ್ನು ಟೀಚರ್ ಹತ್ತಿರ ಕೊಟ್ಟಿದ್ದೇವೆ. ಹಳೆಯ ಥರ್ಮಾಕೋಲ್ ನಕ್ಷೆ ಇನ್ನೂ ಸ್ಟೋರ್ ಕೋಣೆಯಲ್ಲಿದೆ. ಅದನ್ನು ಎಸೆಯಬೇಡಿ. ಮುಂದಿನ ವರ್ಷದ ವಿಜ್ಞಾನದ ಮಕ್ಕಳಿಗೆ ಕೊಡಿ, ಅವರು ಅದರಿಂದ ಇಟ್ಟಿಗೆ ಮಾಡಿ ತೋರಿಸಲಿ. ಮಿಶ್ರಣದ ಲೆಕ್ಕ ಕೇಳಲು ಅವರು ನನಗೆ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಆದರೆ ಕನ್ನಡದಲ್ಲೇ ಕೇಳಬೇಕು.